ಹಸಿರು ಡಬ್ಬಿಯ ಟರ್ಬೊ

ನನ್ನ ಮೈದುನನ ಸೊಸೆ ಶಿಲ್ಪಾ ಈಗ ನಮ್ಮ ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ ಕೂರುತ್ತಾಳೆ. ಹರಪನಹಳ್ಳಿಯ ಹುಡುಗಿ. ಮೊನ್ನೆ ಫೋನ್ ಮಾಡಿ, "ದೊಡ್ಡತ್ತೆ, ಹೆಸರೇ ಕೇಳಿರದ ಕಂಪನಿ ಟರ್ಬೊ ಅಂದ್ರೆ ಗಿರಾಕಿಗಳು ಮುಖ ಆ ಕಡೆ ಮಾಡ್ತಾರೆ. ನೀವು ಹೆಂಗೆ ಒಪ್ಪಿಸ್ತಿದ್ರಿ?" ಎಂದು ಕೇಳಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಎರಡು ಮಾತು ಹೇಳಿ ಇಟ್ಟೆ. ಇಟ್ಟ ಮೇಲೆ ಮನಸ್ಸು ಒಪ್ಪಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಎರಡು ಮಾತಿನದಲ್ಲ. ನಾನು ಯಾರನ್ನೂ ಒಪ್ಪಿಸುತ್ತಿರಲಿಲ್ಲ ಎನ್ನುವುದೇ ಉತ್ತರ. ಅದನ್ನು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಅವಳಿಗೂ, ಅವಳಂತೆ ಈ ಕಸುಬಿಗೆ ಹೊಸದಾಗಿ ಬರುವವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ಆಗ ಹೆದ್ದಾರಿ ಕೂಡ್ಲಿಗಿಯ ಊರೊಳಗಿಂದಲೇ ಹೋಗುತ್ತಿತ್ತು. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಮನೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ನೀಲಿ ಹೂವಿನ ಪರದೆ. ನಾನು ಬಳ್ಳಾರಿಯಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದವಳು. ಪ್ರತಿ ಬೆಳಿಗ್ಗೆ ಉಗುರು ನೋಡುತ್ತಿದ್ದರು, ಕರವಸ್ತ್ರ ನೋಡುತ್ತಿದ್ದರು, ಅಕ್ಷರ ಗೆರೆಯಿಂದ ಮೇಲೆದ್ದರೆ ಮತ್ತೆ ಬರೆಸುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅದೆಲ್ಲ ಏತಕ್ಕೂ ಬರಲಿಲ್ಲ. ಪರದೆಯ ಈಚೆ ರೊಟ್ಟಿ, ಪಲ್ಯ, ಮಕ್ಕಳು. ಪರದೆಯ ಆಚೆ ಗ್ರೀಸು, ಗ್ಯಾಸ್ಕೆಟ್ಟು, ಗಂಡಸರ ಮಾತು.

ನಮ್ಮವರು ಮಾಲು ತರಲು ಹೊಸಪೇಟೆ, ಹುಬ್ಬಳ್ಳಿ ಎಂದು ತಿರುಗುತ್ತಿದ್ದರು. ಅಂಗಡಿಯಲ್ಲಿ ಮಾವನವರೇ ಇರುತ್ತಿದ್ದರು. ಬೇರಿಂಗನ್ನು ಅಂಗೈಯಲ್ಲಿ ತೂಗಿ ಯಾವ ಗಾಡಿಯದೆಂದು ಹೇಳುತ್ತಿದ್ದ ಅವರಿಗೆ ಡಬ್ಬಿಗಳ ಮೇಲಿನ ಇಂಗ್ಲಿಷಿನ ಸಣ್ಣಕ್ಷರ ಮಾತ್ರ ಕಾಟ ಕೊಡುತ್ತಿತ್ತು. ಪರದೆಯಾಚೆಯಿಂದ ಕೂಗುತ್ತಿದ್ದರು: "ಏನವಾ, ಇದರ ಮ್ಯಾಲ ಏನ್ ಬರದೈತಿ ನೋಡು."

ಮೊದಲು ಡಬ್ಬಿಯೇ ಪರದೆಯ ಸಂದಿಯಿಂದ ಒಳಗೆ ಬರುತ್ತಿತ್ತು. ಓದಿ ಹೇಳಿ ವಾಪಸು ಕೊಡುತ್ತಿದ್ದೆ. ಆಮೇಲೆ ನಾನೇ ಬಾಗಿಲಲ್ಲಿ ನಿಲ್ಲತೊಡಗಿದೆ. ಒಂದು ದಿನ ನೋಡಿದರೆ ಗಲ್ಲಾ ಪೆಟ್ಟಿಗೆಯ ಪಕ್ಕ ಮಡಚುವ ಕಬ್ಬಿಣದ ಕುರ್ಚಿಯೊಂದು ಬಿಚ್ಚಿ ಇಟ್ಟಿತ್ತು. ಇಟ್ಟವರು ಮಾವನವರು. ಸೆರಗು ಸರಿಮಾಡಿಕೊಂಡು ಕೂತೆ. ನನ್ನ ನೌಕರಿ ಶುರುವಾದದ್ದು ಹಾಗೆ.

ಆ ಅಂಗಡಿಯ ವಾಸನೆ ಈಗಲೂ ಎಲ್ಲೋ ಒಮ್ಮೊಮ್ಮೆ ಮೂಗಿಗೆ ಬರುತ್ತದೆ. ಹೊಸ ರಟ್ಟು, ಎಣ್ಣೆ ಕಾಗದ, ರಬ್ಬರು, ಅದರೊಳಗೆ ಬೆರೆತ ನಮ್ಮ ಮನೆಯ ಒಗ್ಗರಣೆ. ಮುಂದೆ ಅಂಗಡಿ, ಹಿಂದೆ ಮನೆ ಎಂದು ಡ್ರೈವರುಗಳು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡುತ್ತಿದ್ದರು. ಒಳಗೆ ಕುಕ್ಕರ್ ಕೂಗಿದರೆ ನಾನು ಎದ್ದು ಓಡಬೇಕು. "ಓಡ್ರಿ ಅಕ್ಕಾರ, ನಿಮ್ಮನಿ ಟರ್ಬೊ ಸೀಟಿ ಹೊಡ್ಯಾಕ ಹತ್ತೈತಿ" ಎಂದು ನಗುತ್ತಿದ್ದರು.

ಟರ್ಬೊ ಎಂದರೇನೆಂದು ನಾನು ತಿಳಿದುಕೊಂಡದ್ದು ಊದುಗೊಳವೆಯ ಲೆಕ್ಕದಲ್ಲಿ. ಒಲೆ ಮಂಕಾದರೆ ಊದುತ್ತೇವಲ್ಲ, ಎಂಜಿನ್ನಿಗೂ ಹಾಗೆ ಗಾಳಿ ಊದಬೇಕು. ಊದುವುದಕ್ಕೆ ಬೇರೆ ಬಲ ಬೇಡ, ಹೊರಗೆ ಹೋಗುವ ಹೊಗೆಯೇ ಒಂದು ಕಬ್ಬಿಣದ ಕಡ್ಡಿಯ ತುದಿಯ ಚಕ್ರ ತಿರುಗಿಸುತ್ತದೆ; ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒಳಗೆ ತಳ್ಳುತ್ತದೆ. ಕಡ್ಡಿ ತಿರುಗುವ ವೇಗಕ್ಕೆ ನಡುವೆ ಎಣ್ಣೆ ಹರಿಯುತ್ತಲೇ ಇರಬೇಕು. ಎಣ್ಣೆ ನಿಂತರೆ ಟರ್ಬೊ ಸತ್ತಿತು. ಇಷ್ಟು ತಿಳಿದರೆ ಉಳಿದದ್ದು ಕಣ್ಣಿನ ಕೆಲಸ.

ಬರುವವರು ಹಳೆಯ ಟರ್ಬೊ ಬಿಚ್ಚಿಕೊಂಡು ಬಂದೇ ಬರುತ್ತಿದ್ದರು. ಹಡಗಲಿಯ ಒಬ್ಬರು ಅದನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಎಣ್ಣೆ ಸೋರದಂತೆ ಎದೆಗೆ ಒತ್ತಿ ಹಿಡಿದಿದ್ದರಂತೆ. "ಕಂಡಕ್ಟರ್ರು ಕೂಸಿಗೆ ಎಷ್ಟು ವರ್ಷ ಅಂತ ಕೇಳಿದ್ರಿ ಅಕ್ಕಾರ. ನಾನು, ಇದು ಸತ್ತೈತ್ರಿ ಅಂದೆ. ಪಕ್ಕದಾಗ ಕೂತಿದ್ದ ಮುದುಕಿ ಎದ್ದು ನಿಂತಬಿಟ್ಲು" ಎಂದರು. ಮಾವನವರು ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ. ಅವತ್ತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಒಂದು ಎಡವಟ್ಟಿನ ಕಥೆ ಹೇಳುತ್ತೇನೆ. ಮಾವನವರು ನೋಟದಲ್ಲೇ ಅಳೆದು ಹರಪನಹಳ್ಳಿಯವರೊಬ್ಬರಿಗೆ ಟರ್ಬೊ ಕೊಟ್ಟರು. ಮರುದಿನ ಅವರು ಅದನ್ನು ಹೊತ್ತು ತಂದು ಕೌಂಟರಿನ ಮೇಲೆ ಇಟ್ಟು, "ಸಾವ್ಕಾರ್ರೆ, ಇದರ ಬಾಯಿ ಆ ಕಡೆಗೈತೆ, ನನ್ನ ಪೈಪು ಈ ಕಡೆಗೈತೆ. ಎಂಜಿನ್ ತಿರುಗಿಸಿ ಕೂರಿಸ್ಲಾ, ಇಲ್ಲಾ ಲಾರೀನೇ ಹಿಂದು ಮುಂದಾಗಿ ಓಡಿಸ್ಲಾ?" ಎಂದರು. ಅವತ್ತಿನಿಂದ ಹಳೆಯ ಟರ್ಬೊದ ಮೈಗೆ ಬಡಿದ ತಗಡಿನ ಪಟ್ಟಿಯ ಮೇಲಿನ ನಂಬರು ಓದದೆ ಮಾಲು ಕೊಡುವುದು ನಿಂತಿತು. ಆ ಪಟ್ಟಿ ಮಸಿ ಹಿಡಿದು ಕರಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಒಂದೊಂದೇ ಅಂಕಿ ಏಳುತ್ತದೆ. ಶಿಲ್ಪಾ, ಕೊನೆಯ ಎರಡು ಅಂಕಿ ಎದ್ದಿಲ್ಲವೆಂದು ಅಂದಾಜಿಗೆ ಬರೆಯಬೇಡ. ಟರ್ಬೊದ ಬಾಯಿ ಯಾವ ಕಡೆ ಎನ್ನುವುದು ಆ ಅಂಕಿಗಳಲ್ಲೇ ಇರುತ್ತದೆ.

ಇನ್ನು ಹೆಸರಿಲ್ಲದ ಕಂಪನಿಯ ಮಾತಿಗೆ ಬರುತ್ತೇನೆ.

ಲಾರಿ ಕಂಪನಿಯ ಅಸಲು ಟರ್ಬೊ ಹುಬ್ಬಳ್ಳಿಯಿಂದ ಬರಬೇಕಿತ್ತು. ದರ ಹೆಚ್ಚು, ಕಾಯುವುದು ಅದಕ್ಕಿಂತ ಹೆಚ್ಚು. ಒಮ್ಮೆ ಮಾರಾಟದವರೊಬ್ಬರು ಬಂದು ಮೂರು ಬೇರೆ ಬೇರೆ ಕಂಪನಿಯ ಟರ್ಬೊಗಳನ್ನು ನಮ್ಮ ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಮೂರೂ ನಾವು ಕೇಳದ ಹೆಸರುಗಳು. ಮೂರರದೂ ದರ ಅಸಲಿನ ಅರ್ಧದಷ್ಟು. ನಮ್ಮವರು ಊರಲ್ಲಿರಲಿಲ್ಲ. ಮಾವನವರು ಅವನ್ನು ಮುಟ್ಟಲೂ ಇಲ್ಲ. "ಹೆಸರಿಲ್ಲದ ಮಾಲು ಇಟಗೊಂಡ್ರ ನಮ್ಮ ಹೆಸರು ಹೋಗತೈತವಾ" ಎಂದು ಒಳಗೆ ಊಟಕ್ಕೆ ಹೋದರು.

ನಾನು ನೋಡುತ್ತ ಕೂತೆ. ಮೊದಲನೆಯದರ ಡಬ್ಬಿಯ ಮೇಲೆ ಒಂದು ನಂಬರು, ಒಳಗಿನ ಪಟ್ಟಿಯ ಮೇಲೆ ಇನ್ನೊಂದು. ಬದಿಗಿಟ್ಟೆ. ಎರಡನೆಯದು ಹೊಳಪು ಬಳಿದು ಚೆಂದ ಮಾಡಿದ್ದರು, ಆದರೆ ಗಾಳಿ ಬಾಯಿಯ ಒಳಗೆ ಬೆರಳಾಡಿಸಿದರೆ ಎರಕದ ಒರಟು ಕಣ ಉಗುರಿಗೆ ತಾಗುತ್ತಿತ್ತು. ಆ ಕಣ ಒಂದು ದಿನ ಕಳಚಿ ಚಕ್ರಕ್ಕೆ ಬಡಿಯುತ್ತದೆ. ಅದನ್ನೂ ಬದಿಗಿಟ್ಟೆ. ಮೂರನೆಯದು ಹಸಿರು ಡಬ್ಬಿಯದು. ನೋಡಲು ಸಾಧಾರಣ. ಎಲ್ಲ ತೂತುಗಳಿಗೂ ಹಳದಿ ಪ್ಲಾಸ್ಟಿಕ್ ಬಿರಡೆ ಹಾಕಿದ್ದರು, ಎಣ್ಣೆ ಹೋಗುವ ಸಣ್ಣ ತೂತಿಗೂ. ಗ್ಯಾಸ್ಕೆಟ್ಟುಗಳನ್ನು ಬೇರೆ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿದ್ದರು. ಚಕ್ರದ ಸಮತೋಲ ಪರೀಕ್ಷೆಯ ಚೀಟಿ ಇತ್ತು, ಅದರಲ್ಲಿ ಅಂಕಿ ಕೈಯಿಂದ ಬರೆದಿತ್ತು, ಕೆಳಗೆ ಯಾರದೋ ಸಹಿ. ಬೆರಳಿನಿಂದ ಚಕ್ರ ತಿರುಗಿಸಿದರೆ ನಿಲ್ಲುವಾಗ ಥಟ್ಟನೆ ನಿಲ್ಲಲಿಲ್ಲ. ಆಯಾಸವಾದವರು ಕೂರುವ ಹಾಗೆ ಮೆಲ್ಲಗೆ ನಿಂತಿತು.

ಆದರೂ ಒಂದು ಅನುಮಾನ. ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿದೆ. ಕೊಯಮತ್ತೂರಿನ ಕಡೆಯ ಕಾರ್ಖಾನೆ. ಎತ್ತಿದ್ದು ಒಬ್ಬ ಹೆಂಗಸು, ಹೆಸರು ರೋಸಲಿನ್. ಎಷ್ಟೋ ದಿನದ ಮೇಲೆ ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಚಕ್ರ, ಕಡ್ಡಿ ಇರುವ ನಡುವಿನ ಭಾಗ, ನಾವು ಕೋರ್ ಅನ್ನುತ್ತೇವೆ, ಅದು ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿದೆ. ಆಕೆ, "ನನಗೆ ಗೊತ್ತಿಲ್ಲ ಮೇಡಂ, ಕೇಳಿ ಹೇಳುತ್ತೇನೆ" ಎಂದಳು. ಸಂಜೆಯೊಳಗೆ ತಾನೇ ಫೋನ್ ಮಾಡಿ, ಸಿಗುತ್ತದೆ ಎಂದು ಹೇಳಿದಳು. ಗೊತ್ತಿಲ್ಲ ಎಂದು ಹೇಳುವ ಕಂಪನಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಸಿರು ಡಬ್ಬಿಯೇ ಇರಲಿ ಎಂದು ಮಾವನವರಿಗೆ ಹೇಳಿದೆ.

ಅವರು ಬಹಳ ಹೊತ್ತು ರಸ್ತೆ ನೋಡಿದರು. ಆಮೇಲೆ, "ಇಡು. ನಿನ್ನ ಮಾತಿನ ಮ್ಯಾಲ ಇಡ್ತೀನಿ. ಆದ್ರ ಕೆಟ್ಟು ವಾಪಸ್ ಒಂದ್ ಬಂತಂದ್ರೂ ಈ ಕುರ್ಚಿ ಮಡಚಿ ಒಳಗ ಇಡೂದು. ಬ್ಯಾಸರ ಮಾಡ್ಕೋಬಾರದು ಮತ್ತ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅವರ ಮಾತು ಅಂದರೆ ಮಾತು. ಅದು ಮನೆಮಂದಿಗೆಲ್ಲ ಗೊತ್ತು. ನನಗೆ ಆ ಕುರ್ಚಿ ಎಷ್ಟು ಬೇಕಾಗಿದೆ ಎನ್ನುವುದು ನನಗೇ ಗೊತ್ತಾದದ್ದು ಆ ಕ್ಷಣದಲ್ಲಿ.

ಮೊದಲು ಬಂದವನು ಕೊಟ್ರೇಶಿ. ಕೊಟ್ಟೂರು ದಾರಿಯ ಹಳ್ಳಿಯವನು. ಒಂದೇ ಲಾರಿ, ಅವನೇ ಮಾಲೀಕ, ಅವನೇ ಡ್ರೈವರ್. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯ ಮೆಕ್ಕೆಜೋಳ ಸಾಗಿಸುತ್ತಿದ್ದ. ಸುಗ್ಗಿಯ ನಡುವೆ ಟರ್ಬೊ ಹೋಗಿತ್ತು.

"ಅಕ್ಕಾರ, ಕಂಪನಿದು ಯಾವಾಗ ಬರತೈತ್ರಿ?"

"ಈ ವಾರ ಅಂತಾರಪ್ಪ. ಈ ವಾರ ಅಂದ್ರ ಅವರ ಲೆಕ್ಕದಾಗ ಮುಂದಿನ ವಾರ."

"ಅಷ್ಟೊತ್ತಿಗೆ ಜೋಳೆಲ್ಲ ಬ್ಯಾರೆಯವರ ಲಾರಿ ಹತ್ತಿ ಹೋಗಿರತೈತ್ರಿ. ನಾ ಬರೇ ಹೊಲದಾಗಿನ ಒಣ ರವದಿ ನೋಡ್ಕೋತ ಕೂಡಬೇಕು."

ಹಸಿರು ಡಬ್ಬಿ ಬಿಚ್ಚಿ ತೋರಿಸಿದೆ. ಹೊಗಳಲಿಲ್ಲ. ಇದು ಹೆಸರಾದ ಕಂಪನಿಯದಲ್ಲ, ನಾನು ಇಷ್ಟನ್ನು ನೋಡಿದ್ದೇನೆ, ಇಷ್ಟನ್ನು ನೋಡಿಲ್ಲ, ಕೆಟ್ಟರೆ ಕೋರ್ ಸಿಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಚಕ್ರವನ್ನು ಬೆರಳಲ್ಲಿ ತಿರುವಿ, ಕಿವಿಯ ಹತ್ತಿರ ಹಿಡಿದು ಕೇಳಿ, "ಅಕ್ಕಾರ ಸುಳ್ಳು ಹೇಳಾಕ ಬರದಂಗ ಕಾಣತೈತಿ, ಕೊಡ್ರಿ" ಎಂದ.

ದೊಡ್ಡ ಮಾಲು ಅಂಗಡಿಯಿಂದ ಹೊರಡುವಾಗ ಮಾವನವರದೊಂದು ಪದ್ಧತಿ ಇತ್ತು. ಬೆಳಗಿನ ಪೂಜೆಯ ಕುಂಕುಮ, ಅರಿಸಿನ ಹಚ್ಚಿದ ಅಕ್ಷತೆಯನ್ನು ಕಾಗದದಲ್ಲಿ ಪುಡಿಕೆ ಕಟ್ಟಿ ಡಬ್ಬಿಯ ಮೇಲೆ ಇಟ್ಟು ಕೊಡುವರು. ಕೊಟ್ರೇಶಿಗೂ ಕೊಟ್ಟರು. ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಇಟ್ಟು ಪೂಜೆ ಮಾಡದ ಡ್ರೈವರ್ ಇಲ್ಲ. "ದೇವರ ಮುಂದ ಒಂದ್ ದಿನ ಇಟ್ಟು ಆಮ್ಯಾಲ ಕೂಡಸ್ತೀವಿ" ಎಂದು ಅವನು ಡಬ್ಬಿಯನ್ನು ಮನೆಗೆ ಒಯ್ದ. ಅಮಾವಾಸ್ಯೆ ಕಳೆದ ಮೇಲೆ ನಮ್ಮ ಪಕ್ಕದ ಶೆಡ್ಡಿನ ದಾದಾಪೀರ್ ಮೇಸ್ತ್ರಿ ಅದನ್ನು ಕೂರಿಸಿದರು. ಲಾರಿ ನಮ್ಮ ಅಂಗಡಿಯ ಮುಂದಿನಿಂದ ಹಾದುಹೋಗುವಾಗ ಕೊಟ್ರೇಶಿ ಹಾರ್ನ್ ಹೊಡೆದ. ಮಾವನವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ಪರದೆ ಸರಿಸಿ ಒಳಗೆ ಹೋಗಿ ಒಬ್ಬಳೇ ನೆನೆಸಿಕೊಂಡು ನಕ್ಕೆ.

ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಕೊಟ್ರೇಶಿ ಎಳೆಸಿ ತಂದ ಲಾರಿಯನ್ನು ರಸ್ತೆಯಾಚೆ ನಿಲ್ಲಿಸಿ, ಟರ್ಬೊ ಬಿಚ್ಚಿ ತುಂಬಿದ ಗೋಣಿಚೀಲವನ್ನು ಕೌಂಟರಿನ ಮೇಲೆ ಇಟ್ಟ. ಚೀಲದ ತಳ ಎಣ್ಣೆಯಾಗಿತ್ತು. ಅವನ ಹಿಂದೆ ಹೆಂಡತಿ ನಾಗಮ್ಮ, ತವರಿಗೆ ಹೊರಟವಳು, ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದು ಮೆಟ್ಟಿಲ ಮೇಲೆ ಕೂತಳು.

"ಹೊಸಪೇಟಿ ಏರಿನಾಗ ಮೊದ್ಲು ಚೀರಿತ್ರಿ, ಆಮ್ಯಾಲ ಸುಮ್ನಾತು. ಕನ್ನಡಿಯಾಗ ನೋಡಿದ್ರ ಹಿಂದ ಬರೇ ನೀಲಿ ಹೊಗಿ" ಎಂದ. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ದಾದಾಪೀರ್ ಮೇಸ್ತ್ರಿ ಬಂದು ಬಿಚ್ಚಿ ನೋಡಿದರು. ಕಡ್ಡಿ ಸುಟ್ಟು ನೀಲಿಯಾಗಿತ್ತು. "ಎಣ್ಣಿ ಮುಟ್ಟಿಲ್ರಿ ಇದಕ್ಕ. ನಾ ಎಣ್ಣಿ ಹಾಕೇ ಕೂಡ್ಸೀನಿ, ನನ್ನ ಕೈಯಾಗ ಏನೂ ತಪ್ಪಿಲ್ಲ. ಮಾಲ ಕಚ್ಚಾ ಐತಿ" ಎಂದರು.

"ಪೈಪಿನಾಗ ಕಸ ಇತ್ತೇನ ಮತ್ತ, ಮೇಸ್ತ್ರಿ?" ಎಂದ ಕೊಟ್ರೇಶಿ.

"ಬಾ ಇಲ್ಲೆ. ಲಾರಿ ನಿಂತೈತಲ್ಲ, ಬಾ, ಪೈಪ್ ಬಿಚ್ಚಿ ಊದಿ ತೋರಸ್ತೀನಿ. ನನ್ನ ಮ್ಯಾಲ ಹಾಕಬ್ಯಾಡ ನೀ!"

ಮಾವನವರು ಎದ್ದರು. ನನ್ನನ್ನು ನೋಡಲಿಲ್ಲ, ಕುರ್ಚಿಯನ್ನು ನೋಡಿದರು. ಆಮೇಲೆ ಅವರಿಬ್ಬರ ಹಿಂದೆ ರಸ್ತೆ ದಾಟಿ ಲಾರಿಯ ಹತ್ತಿರ ಹೋದರು.

ನಾನು ಹಳೆಯ ಪೇಪರು ಹಾಸಿ ಟರ್ಬೊವನ್ನು ಅದರ ಮೇಲೆ ಇಟ್ಟುಕೊಂಡೆ. ಎಲ್ಲ ಕಡೆ ಮಸಿ, ಎಣ್ಣೆ. ಎಣ್ಣೆ ತೂತಿನ ಸುತ್ತ ಇರುವ ಸಣ್ಣ ಗೆರೆಯಲ್ಲಿ ಮಾತ್ರ ಏನೋ ಕೆಂಪು. ಉಗುರಿನಿಂದ ಕೆರೆದೆ. ಕಾದು ಕಂದಾಗಿದ್ದರೂ ಬೆರಳಿಗೆ ಹತ್ತಿದ ಬಣ್ಣ ದಿನಾ ನನ್ನ ಹಣೆಗೆ ಹಚ್ಚುವ ಬಣ್ಣವೇ. ಕುಂಕುಮ. ಬಿರಡೆ ಇದ್ದರೆ ಅಲ್ಲಿಗೆ ಕುಂಕುಮ ಹೇಗೆ ಬಂತು? ಸೆರಗಿನ ಪಿನ್ನು ತೆಗೆದು ತೂತಿಗೆ ಹಾಕಿ ಮೆಲ್ಲಗೆ ತಿರುವಿದೆ. ಮೊದಲು ಒಂದು ಕರಿಯ ಚೂರು ಬಂತು. ಆಮೇಲೆ ಇನ್ನೊಂದು, ಉದ್ದನೆಯದು. ಉಗುರಿನಲ್ಲಿ ಒತ್ತಿದರೆ ಎರಡಾಯಿತು. ಒಳಗೆ ಹಳದಿ ಮಿಶ್ರಿತ ಬಿಳುಪು.

ಅಕ್ಕಿಕಾಳು.

ತಲೆಯೆತ್ತಿದರೆ ನಾಗಮ್ಮ ಕೌಂಟರಿಗೆ ಬಂದು ನಿಂತಿದ್ದಳು. ಅವಳು ಕಾಳನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಷತಿ ಏನ್ರಿ ಅದು, ಅಕ್ಕಾರ?"

"ಹೂಂ ನಾಗಮ್ಮ. ಬಿರಡಿ ತಗದಿದ್ರಾ?"

"ತಗದಿದ್ದೆ. ಬಾಯಿ ಮುಚ್ಚಿಟ್ರ ದೇವರು ಹೆಂಗ್ ಒಪ್ಪತಾನ್ರಿ? ಎಲ್ಲಾ ಬಿರಡಿ ತಗದು, ಕುಂಕುಮ ಇಟ್ಟು, ಮ್ಯಾಲ ಅಕ್ಷತಿ ಹಾಕಿದೆ. ಕೈ ಮುಗದು ಮತ್ತ ಹಂಗ ಮುಚ್ಚಿ ಇಟ್ಟೆ." ಅವಳ ಕೈ ಗಂಟಿನ ಮೇಲೆ ಬಿಗಿಯಾಯಿತು. "ಅದಕ್ಕ ಕೆಡ್ತೇನ್ರಿ?"

ನಾನು ಮತ್ತೆ ಎಣ್ಣೆ ತೂತನ್ನು ನೋಡಿದೆ. ಅದೇ ಅವಳಿಗೆ ಉತ್ತರವಾಯಿತು.

"ಹೇಳಬ್ಯಾಡ್ರಿ ಅಕ್ಕಾರ. ನಮ್ಮತ್ತಿ ಮೊದ್ಲ ಅಂತಾಳ, ನಾ ಮುಟ್ಟಿದ್ದು ಮುರಿತೈತಿ ಅಂತ. ಎಮ್ಮಿ ಹಾಲು ಬತ್ತಿದ್ರೂ ನನ್ನ ಮ್ಯಾಲ. ಇನ್ನ ಇದು ತಿಳದ್ರ ಲಾರಿ ಹತ್ರ ಹಾಯಾಕ ಬಿಡೂದಿಲ್ಲ."

ರಸ್ತೆಯಾಚೆ ಮೇಸ್ತ್ರಿಯ ಧ್ವನಿ ಏರುತ್ತಿತ್ತು. ಪೈಪು ಸ್ವಚ್ಛ ಇತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ನನ್ನ ಕುರ್ಚಿ ನನ್ನದು. ಆದರೆ ಹೇಳಿದರೆ ಈ ಹುಡುಗಿ ಇವತ್ತು ತವರಿಗೆ ಹೋಗುವ ಮುಖ ಬೇರೆಯಾಗುತ್ತದೆ. ಅವಳು ಮಾಡಿದ್ದಾದರೂ ಏನು? ಹೊಟ್ಟೆಪಾಡಿನ ಯಂತ್ರಕ್ಕೆ ಕೈ ಮುಗಿದಿದ್ದಳು. ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡೆ. ಕಾಳುಗಳನ್ನು ಕಾಗದದ ಮೇಲೆ ಬಿಟ್ಟು ಅದರ ಮೇಲೆ ಅಂಗೈ ಇಟ್ಟೆ.

ಗಂಡಸರು ಬಂದರು. ಮಾವನವರು ಕೇಳಿದರು, "ಏನರ ಕಂಡ್ತೇನವಾ?"

"ಎಣ್ಣಿ ತೂತಿನಾಗ ಕಸ ಬಿದ್ದಿತ್ತು ಮಾವಾರ. ಮೇಸ್ತ್ರಿ ಹಾಕಿದ ಎಣ್ಣಿ ಮೊದ್ಲು ಇಳದೈತಿ, ಆಮ್ಯಾಲ ಒತ್ತಡಕ್ಕ ಕಸ ಸಂದಿಗೆ ಹೋಗಿ ಕೂತೈತಿ. ಮೇಸ್ತ್ರಿದೂ ತಪ್ಪಲ್ಲ, ಮಾಲಿಂದೂ ತಪ್ಪಲ್ಲ."

"ಏನ್ ಕಸ?"

"ಕಸ."

"ಯಾರ ಕೈಯಾಗಿದ್ದಾಗ ಬಿತ್ತು? ಡಬ್ಬಿಯಾಗ ಬರಾಗ ಇತ್ತೋ, ಆಮ್ಯಾಲ ಬಿತ್ತೋ?"

ನಾನು ಅಂಗೈಯನ್ನು ಕಾಗದದ ಮೇಲಿಂದ ಎತ್ತಲಿಲ್ಲ. ಮಾವನವರು ಕಾದರು. ಅವರು ಅನ್ಯಾಯದವರಲ್ಲ, ಆದರೆ ಗೊತ್ತಿಲ್ಲದ್ದನ್ನು ನಂಬುವವರೂ ಅಲ್ಲ. "ಹಂಗಾರ ಬರಾಗಲೇ ಇತ್ತು ಅನ್ಕೋಬೇಕಾಗತೈತಿ. ಬಿಡವಾ" ಎಂದು ನಿಟ್ಟುಸಿರು ಬಿಟ್ಟು, ಕುರ್ಚಿಯ ಬೆನ್ನಿಗೆ ಕೈ ಹಾಕಿದರು. ನಾನು ಎದ್ದು ನಿಂತೆ.

"ಅಕ್ಷತಿರಿ ಅದು. ನಾನ ಹಾಕೀನಿ."

ನಾಗಮ್ಮನ ಧ್ವನಿ ಅಷ್ಟು ದೊಡ್ಡದಿರಬಹುದೆಂದು ನಾನು ತಿಳಿದಿರಲಿಲ್ಲ. ಹೇಳಿದವಳೇ ಬೆಚ್ಚಿದಳು. ಆದರೂ ನಿಲ್ಲಿಸಲಿಲ್ಲ. "ಅಕ್ಕಾರಿಗೆ ನಾನ ಹೇಳಬ್ಯಾಡ್ರಿ ಅಂದೆ. ಅವ್ರು ಹೇಳಲಿಲ್ಲ. ಬಿರಡಿ ತಗದವಳು ನಾನು."

ಕೊಟ್ರೇಶಿ ಹೆಂಡತಿಯನ್ನೇ ನೋಡುತ್ತ ನಿಂತ. ಅವನು ಬಂದು ಕಾಗದದ ಮೇಲಿನ ಕರಿಯ ಕಾಳನ್ನು ಬೆರಳ ತುದಿಗೆ ಹತ್ತಿಸಿಕೊಂಡು ನೋಡಿದ.

"ಲೇ, ನನಗ ಬುತ್ತಿ ಕಟ್ಟೂದು ಮರತಿದ್ದೆಲ್ಲಲೇ ಅವತ್ತು. ಟರ್ಬೊಕ್ಕ ಮಾತ್ರ ಉಣ್ಣಾಕ ಹಾಕೀಯೇನ?"

ಮೊದಲು ನಕ್ಕವರು ದಾದಾಪೀರ್ ಮೇಸ್ತ್ರಿ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನಾಗಮ್ಮ ಅಳುತ್ತಲೇ, "ಮರತಿದ್ದಿಲ್ಲ, ನೀವ ಬಿಟ್ಟು ಹೋಗಿದ್ರಿ" ಎಂದಳು. ಮಾವನವರು ಮಾತ್ರ ನಗಲಿಲ್ಲ. "ಅಕ್ಷತಿ ಯಾವುದವ್ವ?" ಎಂದು ಕೇಳಿದರು.

"ನೀವ ಕೊಟ್ಟಿದ್ರಲ್ರಿ ಸಾವ್ಕಾರ್ರ, ಪುಡಿಕಿಯಾಗ."

ಮಾವನವರ ಕೈ ಕುರ್ಚಿಯ ಮೇಲಿನಿಂದ ಮೆಲ್ಲಗೆ ಜಾರಿತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ ನನ್ನ ಕಡೆ ತಿರುಗಿ, "ಏನವಾ, ಕೂಡು. ಆ ಹಸಿರು ಡಬ್ಬಿದು ಕೋರ್ ತರಿಸಿ ಕೊಡು ಇವಗ. ಅದರ ರೊಕ್ಕ ಅಂಗಡಿ ಮ್ಯಾಲ ಇರಲಿ" ಎಂದರು.

ಮರುದಿನದಿಂದ ಪುಡಿಕೆ ಕಟ್ಟುವುದು ನಿಂತಿತು. ಅದರ ಬದಲು ದೊಡ್ಡ ಮಾಲು ಒಯ್ಯುವವರಿಗೆ ಮಾವನವರು ಒಂದೊಂದು ಬಾಳೆಹಣ್ಣು ಕೊಡತೊಡಗಿದರು. ಯಾರೂ ಕಾರಣ ಕೇಳಲಿಲ್ಲ. ನಾನು ಮಾತ್ರ ಪ್ರತಿ ಗಿರಾಕಿಗೂ ಹೇಳುತ್ತಿದ್ದೆ: ಪೂಜೆ ಡಬ್ಬಿಗೆ ಮಾಡಿ, ಬಿರಡೆಯನ್ನು ಮೇಸ್ತ್ರಿಯ ಕೈಯಲ್ಲೇ ತೆಗೆಸಿ.

ಕೋರ್ ತರಿಸಲು ರೋಸಲಿನ್‌ಗೆ ಫೋನ್ ಮಾಡಿದೆ. ಕೆಟ್ಟದ್ದು ನಿಮ್ಮ ಮಾಲಿನ ತಪ್ಪಿನಿಂದ ಅಲ್ಲ, ಎಣ್ಣೆ ದಾರಿಯಲ್ಲಿ ಅಕ್ಕಿ ಬಿದ್ದಿತ್ತು ಎಂದೆ. ಆಕೆ ಸ್ವಲ್ಪ ತಡೆದು, "ವರದಿಯಲ್ಲಿ ಬರೆದುಕೊಳ್ಳಬೇಕು ಮೇಡಂ. ಬೇಯಿಸಿದ್ದೋ, ಹಸಿಯೋ?" ಎಂದು ಬಹಳ ಗಂಭೀರವಾಗಿ ಕೇಳಿದಳು. ಹಸಿ ಎಂದು ಹೇಳುವಷ್ಟರಲ್ಲಿ ನನಗೂ ನಗು, ಆಕೆಗೂ ನಗು. ಆಮೇಲೆ ಎಷ್ಟೋ ವರ್ಷ ನಾವು ಮಾತಾಡಿದೆವು. ಅವಳ ಮಗಳ ಕೆಮ್ಮು, ನಮ್ಮ ಕಡೆಯ ಬಿಸಿಲು, ಟರ್ಬೊ ನಂಬರುಗಳು ಎಲ್ಲ ಒಂದೇ ಫೋನಿನಲ್ಲಿ ಬರುತ್ತಿದ್ದವು. ಮುಖ ನೋಡಲೇ ಇಲ್ಲ. ಒಂದು ಸಲ ಫೋನ್ ಮಾಡಿದಾಗ ಬೇರೆ ಹುಡುಗ ಎತ್ತಿ, ಅವರು ಕೆಲಸ ಬಿಟ್ಟರು ಎಂದ. ನಾನು ಕೇಳಬೇಕಾದ ನಂಬರು ಮರೆತೇ ಹೋಯಿತು.

ಅದಾದ ಮೇಲೆ ಹಡಗಲಿಯಿಂದ, ಮೈಲಾರದ ಕಡೆಯಿಂದಲೂ "ಅಕ್ಕಾರ ನೋಡಿ ಇಟ್ಟ ಮಾಲು ಕೊಡ್ರಿ" ಎಂದು ಕೇಳಿಕೊಂಡು ಬರುವವರಿದ್ದರು. ಕಂಪನಿಯ ಹೆಸರು ಕೇಳುತ್ತಿರಲಿಲ್ಲ. ಇದೇ, ಶಿಲ್ಪಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ. ಗೊತ್ತಿಲ್ಲದ ಕಂಪನಿಯನ್ನು ಗಿರಾಕಿ ನಂಬುವುದಿಲ್ಲ, ನಂಬಲೂಬಾರದು. ನೀನು ಏನು ನೋಡಿದ್ದೀಯೋ ಅಷ್ಟನ್ನು ಹೇಳು. ನೋಡದ್ದನ್ನೂ ಹೇಳು. ಉಳಿದದ್ದು ಅವರಿಗೆ ಬಿಡು.

ಕಾಲ ತಿರುಗಿತು. ಹಳೆಯ ಟರ್ಬೊ ಹೊತ್ತು ತರುವುದು ಹೋಗಿ ವಾಟ್ಸಾಪಿನಲ್ಲಿ ಫೋಟೊ ಬರಲು ಶುರುವಾಯಿತು. ಹೊಸ ಹೊಗೆ ನಿಯಮದ ಬಿಎಸ್ ಸಿಕ್ಸ್ ಗಾಡಿಗಳ ಟರ್ಬೊಗೆ ತಂತಿ, ಸೆನ್ಸರು. ಲ್ಯಾಪ್‌ಟಾಪು ಹಚ್ಚದೆ ಯಾರೂ ಮುಟ್ಟುವುದಿಲ್ಲ. ಹೆದ್ದಾರಿ ಊರಿನ ಹೊರಗೆ ಹೋಯಿತು. ಮಾವನವರು ಹೋದರು. ನಮ್ಮವರಿಗೆ ಮಂಡಿ ನೋವು ಬಂದಾಗ, ಅಂಗಡಿಯನ್ನು ಬೈಪಾಸಿನ ಹೊಸ ಕಟ್ಟಡಕ್ಕೆ ಒಯ್ಯುತ್ತೇವೆಂದು ಮೈದುನನ ಮಗ ಹೇಳಿದ. ಒಳ್ಳೆಯದೇ ಆಯಿತು ಎಂದೆವು. ನನಗೆ ಬೀಳ್ಕೊಡುಗೆ ಏನೂ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಪರದೆ ಸರಿಸಿದರೆ ಆಚೆ ಖಾಲಿ ಗೋಡೆ, ಗೋಡೆಯ ಮೇಲೆ ಕಪಾಟುಗಳು ಇದ್ದ ಕಡೆ ಬಿಳಿಯ ಚೌಕಗಳು, ಅಷ್ಟೆ.

ಈಗ ಬೆಳಗಿನ ಕೆಲಸ ಬೇಗ ಮುಗಿಯುತ್ತದೆ. ಕೈಗೆ ಗ್ರೀಸು ಹತ್ತುವುದಿಲ್ಲ, ಉಗುರು ನಮ್ಮ ಸಿಸ್ಟರುಗಳು ಮೆಚ್ಚುವಷ್ಟು ಸ್ವಚ್ಛ. ಕೆಲವು ಸಲ ಲಾರಿಯೊಂದು ದಾರಿ ತಪ್ಪಿ ಊರೊಳಗೆ ಬರುತ್ತದೆ. ಗೇರ್ ಬದಲಿಸುವಾಗ ಅದರ ಸೀಟಿ ಕೇಳಿ, ಇದರ ಚಕ್ರ ಸವೆದಿದೆ, ಯಾರಾದರೂ ಅವನಿಗೆ ಹೇಳಬೇಕಿತ್ತು ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅದು ಹೋಗಿರುತ್ತದೆ.

ಶಿಲ್ಪಾಳಿಗೆ ಉತ್ತರ ಅರ್ಧ ಬರೆದ ಮೇಲೆ, ಒಮ್ಮೆ ನೋಡಿ ಬರೋಣವೆಂದು ಹೊಸ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲು, ಉದ್ದನೆಯ ಕೌಂಟರು, ಅದರಾಚೆ ಕಂಪ್ಯೂಟರಿನ ಮುಂದೆ ಅವಳು. ಯಾರ ಜೊತೆಗೋ ಫೋನಿನಲ್ಲಿದ್ದಳು, ಕಣ್ಣಲ್ಲೇ ಬನ್ನಿ ಎಂದಳು. ನಾನು ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲಿನ ಮೇಲೆ ಕೂತೆ. ಈ ಕಡೆಯಿಂದ ಕೌಂಟರು ಎಷ್ಟು ಎತ್ತರ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ತೆಲಿಗಿಯ ಡ್ರೈವರೊಬ್ಬ ಚೀಲ ಹೊತ್ತು ಒಳಗೆ ಬಂದ, ಚಿಕ್ಕ ವಯಸ್ಸಿನವನು. ಚೀಲದ ಬಾಯಿ ಬಿಚ್ಚಿದ. ಒಳಗಿನ ಟರ್ಬೊವನ್ನು ನಾನು ಕೂತಲ್ಲಿಂದಲೇ ನೋಡಿದೆ. ಪಟ್ಟಿ ಮಸಿಯಾಗಿತ್ತು, ಎಣ್ಣೆ ತೂತಿಗೆ ಬಟ್ಟೆ ತುರುಕಿದ್ದ. ಬಟ್ಟೆಯ ಎಳೆ ಒಳಗೆ ಉಳಿಯುತ್ತದೆ, ಹಾಗೆ ಮಾಡಬಾರದು. ಹೇಳಬೇಕೆಂದು ನಾನು ಮುಂದಕ್ಕೆ ಬಾಗಿದೆ.

"ಅಮ್ಮಾರೆ, ಒಂಚೂರು ಆ ಕಡೆ ಸರೀರಿ" ಎಂದ ಅವನು, ಬಹಳ ಮರ್ಯಾದೆಯಿಂದ. "ಅಂಗಡಿಯೋರ ಜೊತಿಗೆ ಮಾತಾಡಬೇಕು."

ನಾನು ಸ್ಟೂಲು ಎತ್ತಿಕೊಂಡು ಸರಿದು ಕೂತೆ.